ಬೆರಳನ್ನು ದೂರುವ ಮುನ್ನ

ಎಲೆಕ್ಟ್ರಿಕ್ ಗಿಟಾರ್ ಕಲಿಯುವ ಮಗುವಿನ ಕೈಯಲ್ಲಿ ಉಳಿದೆಲ್ಲ ಸ್ವರಗಳು ಸ್ಪಷ್ಟವಾಗಿ ನುಡಿದು, ಒಂದು ಸ್ವರ ಮಾತ್ರ ಹುಟ್ಟಿದೊಡನೆ ಅಡಗಿಹೋಗುವುದುಂಟು. ಅದು ‘ಸತ್ತ ಸ್ವರ’. ಅಭ್ಯಾಸ ಸಾಲದೆಂದು ಮನೆಯವರು ಗದರುತ್ತಾರೆ; ತನ್ನ ಬೆರಳೇ ಸರಿಯಿಲ್ಲವೆಂದು ಮಗುವೂ ನಂಬಿಬಿಡುತ್ತದೆ. ಆದರೆ ದೋಷ ಬೆರಳಿನದೋ, ಲೋಹದ್ದೋ, ಮರದ್ದೋ ಎಂಬುದು ಪರೀಕ್ಷೆಯಿಂದಲೇ ತಿಳಿಯಬೇಕಾದ ಸಂಗತಿ.

ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ತುಂಡುಗಳೇ ಫ್ರೆಟ್‌ಗಳು, ವೀಣೆಯ ಮೆಟ್ಟಿಲುಗಳಂಥವು. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ನಿಂತಿರುವುದರಿಂದ ಅವನ್ನು ಎತ್ತಿ ಮರಳಿ ಕೂರಿಸಬಹುದು. ಗಿಟಾರಿನ ಫ್ರೆಟ್ ಮರದ ಸೀಳಿನಲ್ಲಿ ಬಿಗಿದಿರುತ್ತದೆ. ಅರದಿಂದ ಉಜ್ಜಿ ತೆಗೆದ ಲೋಹ ಮತ್ತೆ ಬಾರದು. ಆದ್ದರಿಂದ ಅರ ಕೊನೆಯ ಉಪಾಯವಾಗಿರಬೇಕು.

ಫ್ರೆಟ್‌ನ ಹಿಂದೆಯೇ, ಅದಕ್ಕೆ ತೀರ ಸಮೀಪದಲ್ಲಿ ಒತ್ತಿದಾಗ ಸ್ವರ ತಿಳಿಯಾದರೆ ತಿದ್ದಬೇಕಾದುದು ಒತ್ತುವ ರೀತಿ ಮಾತ್ರ. ಆಗದಿದ್ದರೆ ಹೊಸ ತಂತಿ ಹಾಕಿ, ಶ್ರುತಿಗೂಡಿಸಿ ನೋಡಬೇಕು. ಬಳಿಕ ಕತ್ತಿನ ಪರೀಕ್ಷೆ. ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ಗಳಲ್ಲಿ ಒಟ್ಟಿಗೆ ಒತ್ತಿದರೆ ಆ ತಂತಿಯೇ ನೇರವಾದ ಅಳತೆಪಟ್ಟಿಯಾಗುತ್ತದೆ. ಆಗ 7 ಅಥವಾ 8ನೆಯ ಫ್ರೆಟ್‌ನ ಮೇಲೆ ಸುಮಾರು 0.25 ಮಿ.ಮೀ. ಅಂತರವಿರುವುದು ವಾಡಿಕೆ. ಅಂತರವೇ ಇಲ್ಲದಿದ್ದರೆ ಕತ್ತು ಹಿಂದಕ್ಕೆ ಬಾಗಿರಬಹುದು. ಅದರೊಳಗಿನ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ತುಸು ಸಡಿಲಿಸಿದರೆ ಸಾಕಾದೀತು.

ಕತ್ತು ಸರಿಯಿದ್ದು, ಝರ್ ಎಂಬ ಸದ್ದಿನೊಂದಿಗೆ ಸ್ವರ ಕಟ್ಟಿಕೊಂಡರೆ ತಂತಿ ಮುಂದಿನ ಯಾವುದೋ ಫ್ರೆಟ್‌ಗೆ ತಾಗುತ್ತಿದೆಯೆಂದು ತಿಳಿಯಬೇಕು. ಅಕ್ಕಪಕ್ಕದ ಮೂರು ಫ್ರೆಟ್‌ಗಳ ಮೇಲೆ ಚಿಕ್ಕದೊಂದು ಉಕ್ಕಿನ ಪಟ್ಟಿಯನ್ನಿಟ್ಟಾಗ ಅದು ತೊನೆದರೆ ನಡುವಿನದು ಎತ್ತರವಾಗಿದೆ. ಆ ಫ್ರೆಟ್ ಒತ್ತಿದಾಗ ತಗ್ಗುವಂತಿದ್ದರೆ ಸೀಳಿನಿಂದ ಎದ್ದಿದೆ ಎಂದರ್ಥ. ಅದನ್ನು ಉಜ್ಜದೆ, ಮತ್ತೆ ಒತ್ತಿ ಅಂಟಿಸಬೇಕು. ಬಿಗಿಯಾಗಿದ್ದೂ ಎತ್ತರವಾಗಿದ್ದರೆ ಮಾತ್ರ ಅರಕ್ಕೆ ಕೆಲಸ.

ಎಲ್ಲಿಯೂ ತಾಗದೆ, ಸದ್ದೂ ಮಾಡದೆ, ಸ್ವರ ಬೇಗನೆ ಆರಿಹೋದರೆ ಕಾರಣ ಮರದಲ್ಲಿದೆ. ಪ್ರತಿ ಕತ್ತಿಗೂ ತನ್ನದೇ ಕಂಪನಸಂಖ್ಯೆಗಳುಂಟು. ತಂತಿಯ ಕಂಪನ ಅವುಗಳಲ್ಲೊಂದಕ್ಕೆ ಹೊಂದಿದಾಗ ಕತ್ತು ತಾನೂ ಕಂಪಿಸಿ ತಂತಿಯ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಟೊಳ್ಳು ಗಿಟಾರಿನಲ್ಲಿ ಮರಕ್ಕೆ ಹರಿದ ಶಕ್ತಿ ನಾದವಾಗಿ ಹೊಮ್ಮುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಪಿಕಪ್ ತಂತಿಯ ಚಲನೆಯನ್ನೇ ಗ್ರಹಿಸುವುದರಿಂದ ಅದು ನಷ್ಟ. ಜರ್ಮನಿಯ ಹೆಲ್ಮುಟ್ ಫ್ಲೈಷರ್ ಕತ್ತಿನ ಕಂಪನಗಳನ್ನು ಅಳೆದು ಈ ಸಂಬಂಧವನ್ನು ತೋರಿಸಿದರು. ಫೆಂಡರ್ ಮಾದರಿಯ ಬಾಸ್ ಗಿಟಾರುಗಳ ಮೊದಲ ತಂತಿಯಲ್ಲಿ, 5ರಿಂದ 7ನೆಯ ಫ್ರೆಟ್‌ನ ಆಸುಪಾಸಿನಲ್ಲಿ, ಇಂಥ ತಾಣ ಪ್ರಸಿದ್ಧ.

ಇದನ್ನು ಗುರುತಿಸುವುದು ಕಷ್ಟವಲ್ಲ. ಗಿಟಾರಿನ ತಲೆಗೆ ತೂಕದ ಕ್ಲ್ಯಾಂಪ್ ಒಂದನ್ನು ಬಿಗಿದಾಗ ಸತ್ತ ತಾಣ ಪಕ್ಕದ ಫ್ರೆಟ್‌ಗೆ ಸರಿದರೆ ದೋಷ ಫ್ರೆಟ್‌ನದಲ್ಲ. ಎಷ್ಟು ಉಜ್ಜಿದರೂ ಅದು ಹೋಗದು. ಅದೇ ಸ್ವರವನ್ನು ಬೇರೆ ತಂತಿಯಲ್ಲಿ ನುಡಿಸುವುದೇ ಸುಲಭೋಪಾಯ: ಮೂರನೆಯ ತಂತಿಯ 12ನೆಯ ಫ್ರೆಟ್‌ನ ಸ್ವರ ಎರಡನೆಯ ತಂತಿಯ 8ನೆಯದರಲ್ಲಿಯೂ ದೊರೆಯುತ್ತದೆ.

ದುರಸ್ತಿಗಾರನು ಅರ ಹಿಡಿಯುವ ಮುನ್ನ ಯಾವ ಫ್ರೆಟ್ ಎತ್ತರವಾಗಿದೆ ಎಂಬುದನ್ನು ಪಟ್ಟಿಯಿಟ್ಟು ತೋರಿಸುವಂತೆ ಪೋಷಕರು ಕೇಳಬಹುದು. ಆ ಪರೀಕ್ಷೆ ಮಗುವಿನ ಕಣ್ಣೆದುರಿಗೇ ನಡೆದರೆ, ತಪ್ಪು ತನ್ನ ಬೆರಳಿನದಲ್ಲವೆಂಬುದನ್ನು ಅದು ತಾನೇ ಕಂಡುಕೊಳ್ಳುತ್ತದೆ.