ಐವತ್ತು ರೂಪಾಯಿಯ ಋಣ

ಸಮರಭೂಮಿಯಿಂದ ಯೋಧನೊಬ್ಬನು ಮನೆಗೆ ಬರೆದ ಕೊನೆಯ ಪತ್ರವೆಂದರೆ, ಅದರಲ್ಲಿ ವೀರಾವೇಶದ ಮಾತುಗಳೇ ತುಂಬಿರಬೇಕೆಂಬುದು ಸಾಮಾನ್ಯ ಕಲ್ಪನೆ. 1999ರ ಕಾರ್ಗಿಲ್ ಯುದ್ಧದಲ್ಲಿ ಪ್ರಾಣಾರ್ಪಣೆ ಮಾಡಿದ ಕ್ಯಾಪ್ಟನ್ ವಿಜಯಂತ್ ಥಾಪರ್ ಅವರ ಪತ್ರವನ್ನು ಗಮನವಿಟ್ಟು ಓದಿದವರಿಗಾದರೋ ಬೇರೊಂದು ಸಂಗತಿ ಗೋಚರವಾಗುತ್ತದೆ. ಅವರ ಕೈಬರಹದ ಛಾಯಾಚಿತ್ರವು ಈಗ ಮೊಬೈಲ್ ಫೋನುಗಳ ಮೂಲಕ ಕೈಯಿಂದ ಕೈಗೆ ಸಾಗುತ್ತಿದೆ. ಜುಲೈ 26ರ ವಿಜಯ ದಿವಸದಂದು ಅದನ್ನು ನೋಡಿ ನಿಟ್ಟುಸಿರಿಡುವವರು ಅನೇಕರು. ಮರುದಿನವೇ ಮರೆಯುವವರೂ ಅಷ್ಟೇ ಮಂದಿ. ಈ ಮರೆವಿನ ಕುರಿತೇ ನಾವು ಇಂದು ಎರಡು ಮಾತು ಹೇಳಬಯಸುತ್ತೇವೆ.

ಥಾಪರ್ ಅವರು ರಾಜಪುತಾನಾ ರೈಫಲ್ಸ್‌ನ ಎರಡನೆಯ ಬೆಟಾಲಿಯನ್ನಿನ ಅಧಿಕಾರಿಗಳಾಗಿದ್ದರು. ತೋಲೋಲಿಂಗ್ ಕಾಳಗದಲ್ಲಿ ಹೋರಾಡಿ, ಮುಂದೆ ದ್ರಾಸ್ ಪ್ರದೇಶದ ‘ನೋಲ್’ ಎಂಬ ಗುಡ್ಡದ ಮೇಲಿನ ದಾಳಿಗೆ ಹೊರಡುವ ಮುನ್ನ ಈ ಪತ್ರವನ್ನು ಬರೆದಿಟ್ಟರು. 1999ರ ಜೂನ್ 29ರಂದು, ತಮ್ಮ 22ನೆಯ ವಯಸ್ಸಿನಲ್ಲಿ, ಅಲ್ಲಿಯೇ ವೀರಮರಣವನ್ನಪ್ಪಿದರು. ಸರಕಾರವು ಅವರಿಗೆ ಮರಣೋತ್ತರವಾಗಿ ವೀರಚಕ್ರವನ್ನಿತ್ತು ಗೌರವಿಸಿತು.

ತಮಗೆ ಯಾವ ಪಶ್ಚಾತ್ತಾಪವೂ ಇಲ್ಲವೆಂದೂ, ಮರಳಿ ಮನುಷ್ಯಜನ್ಮ ದೊರೆತರೆ ಸೈನ್ಯವನ್ನೇ ಸೇರುವೆನೆಂದೂ ಅವರು ಬರೆದಿದ್ದಾರೆ. ಸಾಧ್ಯವಾದರೆ ಸೈನಿಕರು ಹೋರಾಡಿದ ಆ ಸ್ಥಳವನ್ನು ಬಂದು ನೋಡಬೇಕೆಂದು ಮನೆಯವರನ್ನು ಕೋರಿದ್ದಾರೆ. ತಮ್ಮ ಶರೀರದ ಉಪಯೋಗಕ್ಕೆ ಬರುವ ಅಂಗಗಳನ್ನು ತೆಗೆದುಕೊಳ್ಳಲಿ, ಅನಾಥಾಲಯಕ್ಕೆ ಒಂದಿಷ್ಟು ಹಣವನ್ನು ಕೊಡಿ ಎಂದಿದ್ದಾರೆ. ಅದರ ಜೊತೆಗೇ ಮತ್ತೊಂದು ಮಾತು: ಕಾಶ್ಮೀರದ ಒಬ್ಬ ಪುಟ್ಟ ಬಾಲಿಕೆಗೆ ಪ್ರತಿ ತಿಂಗಳೂ 50 ರೂಪಾಯಿ ಕೊಡುವುದನ್ನು ನಿಲ್ಲಿಸಬೇಡಿ.

ಇಡೀ ಪತ್ರದ ತಿರುಳು ಈ 50 ರೂಪಾಯಿಯಲ್ಲಿದೆಯೆಂಬುದು ನಮ್ಮ ದೃಢವಾದ ಅಭಿಪ್ರಾಯ. ಮೃತ್ಯುಮುಖದಲ್ಲಿ ನಿಂತ ತರುಣನಿಗೆ ತಿಂಗಳ ಲೆಕ್ಕ ನೆನಪಾಯಿತು. ತಾನಿಲ್ಲವಾದರೂ ತನ್ನ ಮಾತು ನಿಲ್ಲಬಾರದೆನಿಸಿತು. ರಣರಂಗದ ಶೌರ್ಯಕ್ಕೆ ಒಂದು ಗಳಿಗೆಯ ಕಿಚ್ಚು ಸಾಕಾದೀತು. ತಿಂಗಳು ತಿಂಗಳೂ ತಪ್ಪದೆ ಸಲ್ಲಿಸುವ ಋಣಕ್ಕೆ ಬೇರೆಯೇ ಬಗೆಯ ಮನೋಬಲ ಬೇಕು.

ಈ ಮಾತಿನ ಅರ್ಥವು ನಮ್ಮ ವಾಚಕರಿಗೆ ತಿಳಿಯುವಷ್ಟು ಇನ್ನಾರಿಗೆ ತಿಳಿದೀತು? ಹೋಟೆಲಿನಲ್ಲಿ ಲೋಟ ತೊಳೆದು, ಕಚೇರಿಯಲ್ಲಿ ಕಡತ ಬರೆದು, ಸಂಬಳದ ದಿನ ಊರಿಗೆ ಮನಿಯಾರ್ಡರ್ ಮಾಡಿ, ಅದರ ಚೀಟಿಯಲ್ಲಿ ‘ನಾವು ಕ್ಷೇಮ’ ಎಂದು ಎರಡು ಸಾಲು ಗೀಚಿದವರ ಪರಂಪರೆ ನಮ್ಮದು. ಆ ಹಣ ಒಂದು ತಿಂಗಳು ತಪ್ಪಿದರೆ ಊರಿನ ಒಲೆಯ ಗತಿ ಏನಾಗುವುದೆಂಬುದನ್ನು ನಾವು ಬಲ್ಲೆವು.

ಆದುದರಿಂದ ನಮ್ಮ ಸಂಘಗಳಿಗೆ ಒಂದು ವಿಜ್ಞಾಪನೆ. ವಿಜಯ ದಿವಸದಂದು ಭಾವಚಿತ್ರಕ್ಕೆ ಹಾರ ಹಾಕುವುದು ಯೋಗ್ಯವೇ. ಆದರೆ ಅಂದು ಆ ಪತ್ರವನ್ನು ಕನ್ನಡದಲ್ಲಿ ಮಕ್ಕಳಿಗೆ ಓದಿ ಹೇಳಿರಿ. ತಂದೆಯಿಲ್ಲದ ಒಂದು ಮಗುವಿನ ಶಾಲೆಯ ವೆಚ್ಚವನ್ನು ವರ್ಷವಿಡೀ ವಹಿಸಿಕೊಳ್ಳಿರಿ. ಹತ್ತು ಮಂದಿ ಕೂಡಿದರೆ ತಲೆಗೆ ಬೀಳುವ ಭಾರ ಅತ್ಯಲ್ಪ. ಹಾರದ ಹೂವು ಸಂಜೆಗೆ ಬಾಡುತ್ತದೆ. ಮೊದಲನೆಯ ತಾರೀಖಿನಂದು ತಪ್ಪದೆ ತಲುಪುವ ಹಣದಿಂದ ಒಂದು ಮಗು ಓದು ಮುಂದುವರಿಸುತ್ತದೆ. ಆ ಯೋಧನು ಕೇಳಿಕೊಂಡದ್ದೂ ಅಷ್ಟನ್ನೇ.