ಬಾಡಿದ ಹೂವಿನ ಬೆಲೆ

ಹೈದರಾಬಾದಿನ ಗುಡಿಮಲ್ಕಾಪುರ ಹೂವಿನ ಮಾರುಕಟ್ಟೆಯಲ್ಲಿ ಬೆಳಗಿನ ದರ ಸಂಜೆಗೆ ಉಳಿಯುವುದಿಲ್ಲ. ದಳ ಬಾಡಿದಷ್ಟೂ ಬೆಲೆ ಇಳಿಯುತ್ತದೆ. ಲೆಕ್ಕಶಾಸ್ತ್ರವೂ ಯಂತ್ರದ ಮೌಲ್ಯದಿಂದ ವರ್ಷವರ್ಷವೂ ಸವಕಳಿಯನ್ನು ಕಳೆಯುತ್ತದೆ. ವ್ಯವಹಾರಕ್ಕೆ ಇದು ಸರಿ. ಆದರೆ ಇದೇ ನಿಯಮವನ್ನು ಮನೆಯ ಹಿರಿಯರಿಗೂ ಅನ್ವಯಿಸುವ ಜೈನ ಸಮಾಜ ತನ್ನ ಧರ್ಮವನ್ನೇ ತಪ್ಪಾಗಿ ಓದಿಕೊಂಡಿದೆ.

ದೇಹ ಅನಿತ್ಯ, ಅಶುಚಿ ಎಂದು ಬೋಧಿಸುವ ಧರ್ಮಕ್ಕೂ ಮುಪ್ಪಿನ ಚೆಲುವಿಗೂ ಏನು ನಂಟು ಎಂದು ಕೆಲವರು ಕೇಳಬಹುದು. ಉತ್ತರ ತೆಲಂಗಾಣದ ಮಣ್ಣಿನಲ್ಲೇ ಇದೆ. ಹೈದರಾಬಾದಿನಿಂದ ಸುಮಾರು 150 ಕಿ.ಮೀ. ದೂರದ ವೇಮುಲವಾಡ, ಪಂಪನ ಆಶ್ರಯದಾತ ಅರಿಕೇಸರಿಯ ರಾಜಧಾನಿ. 941ರಲ್ಲಿ ಪಂಪ ರಚಿಸಿದ ಆದಿಪುರಾಣದಲ್ಲಿ ನೀಲಾಂಜನೆ ನರ್ತಿಸುತ್ತಲೇ ಅಳಿಯುತ್ತಾಳೆ. ರಸಭಂಗವಾಗದಂತೆ ಇಂದ್ರ ಮತ್ತೊಬ್ಬಳನ್ನು ಸೃಷ್ಟಿಸಿ ನಿಲ್ಲಿಸುತ್ತಾನೆ. ಸಭೆಗೆ ಅದು ತಿಳಿಯುವುದಿಲ್ಲ. ಋಷಭನಿಗೆ ಮಾತ್ರ ತಿಳಿಯುತ್ತದೆ. ಅದೇ ಚಾಳುಕ್ಯ ಮನೆತನದ ಆಶ್ರಯದಲ್ಲಿದ್ದ ಸೋಮದೇವಸೂರಿ 959ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿ, ತಲೆಯ ಒಂದು ನರೆಗೂದಲನ್ನು ಕಂಡ ಅರಸನು ಹನ್ನೆರಡು ಅನುಪ್ರೇಕ್ಷೆಗಳನ್ನು ಚಿಂತಿಸಿ ರಾಜ್ಯವನ್ನು ಮಗನಿಗೆ ಒಪ್ಪಿಸುತ್ತಾನೆ. ಎರಡೂ ಕಡೆ ಅಳಿವಿನಿಂದ ಮುಖ ತಿರುಗಿಸದವನಿಗೇ ಅರಿವು ದೊರೆತಿದೆ. ಅನಿತ್ಯಭಾವನೆ ಮುಪ್ಪಿನ ತಿರಸ್ಕಾರವಲ್ಲ; ಮುಪ್ಪನ್ನು ನೇರವಾಗಿ ನೋಡುವ ಧೈರ್ಯ.

ಇಂದಿನ ಸಮಾಜ ಇಂದ್ರನ ಉಪಾಯವನ್ನು ಆರಿಸಿಕೊಂಡಿದೆ. ನರೆಗೆ ಬಣ್ಣ, ಮದುವೆಯ ಚಿತ್ರಗಳಲ್ಲಿ ಸುಕ್ಕಿಲ್ಲದ ಮುಖ, ಹಿರಿಯರಿಗೆ ಹಿಂದಿನ ಕೋಣೆ. ದಾನ ನೀಡಿದ ಅಜ್ಜಿಯ ಹೆಸರು ಬಸದಿಯ ಅಮೃತಶಿಲೆಯ ಮೇಲೆ ಹೊಳೆಯುತ್ತದೆ. ಆಕೆ ಹಿಡಿದು ಹತ್ತಲು ಮೆಟ್ಟಿಲ ಬದಿಯಲ್ಲಿ ಒಂದು ಕಂಬಿಯಿರುವುದಿಲ್ಲ.

ಸರ್ಕಾರದ ದೃಷ್ಟಿಯೂ ಇದಕ್ಕಿಂತ ಹಿರಿದಲ್ಲ. ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ, ಜೀವನಾಂಶಕ್ಕೆ ತಿಂಗಳಿಗೆ 10,000 ರೂಪಾಯಿಯ ಮಿತಿ ಹಾಕಿತು. ಆ ಮಿತಿಯನ್ನು ತೆಗೆಯಲು 2019ರಲ್ಲಿ ಮಂಡಿಸಿದ ಮಸೂದೆ, 2024ರಲ್ಲಿ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. ಅದಕ್ಕಾಗಿ ಯಾವ ಪಕ್ಷವೂ ಬೀದಿಗಿಳಿಯಲಿಲ್ಲ. ಈ ಮಿತಿಯನ್ನು ಪ್ರಶ್ನಿಸುವುದು ಸಮಾಜದ ಮುಖಂಡರ ಹೊಣೆ.

ಆದರೆ ಕಾಯ್ದೆ ಹಣವನ್ನು ಕೊಡಿಸಬಲ್ಲದು, ನೋಟವನ್ನು ಕೊಡಿಸಲಾರದು. ಆ ನೋಟ ತೋಟಗಾರನಲ್ಲಿದೆ. ಚೆಂಡುಹೂವಿನ ಬೀಜ ಬೇಕಾದವನು ಅರಳಿದ ಹೂವನ್ನು ಕೊಯ್ಯದೆ ಗಿಡದಲ್ಲೇ ಒಣಗಲು ಬಿಡುತ್ತಾನೆ. ಬಣ್ಣ ಮಾಸಿದ ಆ ಹೂವಿನಲ್ಲಿಯೇ ಮುಂದಿನ ವರ್ಷದ ತೋಟವನ್ನು ಕಾಣುತ್ತಾನೆ. ಸುಕ್ಕುಗಟ್ಟಿದ ಮುಖದ ಚೆಲುವೂ ಇಂಥದ್ದೇ: ಕಳೆದದ್ದರ ಗುರುತು ಮತ್ತು ಕೊಡಲು ಉಳಿದದ್ದರ ಭರವಸೆ.

ಆದ್ದರಿಂದ ಬಸದಿಯ ಟ್ರಸ್ಟುಗಳು ಮುಂದಿನ ಆಯವ್ಯಯದಲ್ಲಿ ಉತ್ಸವದ ಅಲಂಕಾರಕ್ಕೆ ಮೊದಲು ಹಿರಿಯರಿಗೆ ಒಂದು ಬಾಬ್ತನ್ನು ತೆರೆಯಲಿ. ಮೆಟ್ಟಿಲಿಗೆ ಕಂಬಿ, ಪ್ರವಚನದಲ್ಲಿ ಮುಂದಿನ ಸಾಲಿನ ಕುರ್ಚಿ, ಅವರ ನೆನಪುಗಳನ್ನು ಬರೆದುಕೊಳ್ಳಲು ಯುವಕರು: ಇವಕ್ಕೆ ತಗಲುವ ವೆಚ್ಚ ಒಂದು ದಿನದ ಹೂವಿನ ಮಂಟಪದ್ದಕ್ಕಿಂತ ಹೆಚ್ಚಾಗಲಾರದು.