ಪಂಪು ಸಣ್ಣದಿರಲಿ, ಟಾಕಿ ದೊಡ್ಡದಿರಲಿ

ಮಾರ್ಚ್ ಮುಗಿದು ಬಿಸಿಲು ಬಲಿಯಿತೆಂದರೆ ಅಂಕೋಲೆಯ ನನ್ನ ರಿವೈಂಡಿಂಗ್ ಅಂಗಡಿಗೆ ಸುಟ್ಟ ಮೋಟರುಗಳು ಬರತೊಡಗುತ್ತವೆ. ಕೇಣಿ, ಬೇಲೆಕೇರಿ, ಹಾರವಾಡ, ಮಂಜಗುಣಿಯಿಂದ ಬರುತ್ತವೆ. ಕಾರವಾರದ ಬದಿಯ ಮಾಜಾಳಿ, ದೇವಬಾಗ, ಕಡವಾಡದಿಂದಲೂ ಬರುತ್ತವೆ. ತಂದವರ ಬೇಡಿಕೆ ಹೆಚ್ಚುಕಡಿಮೆ ಒಂದೇ: ‘ಇದು ಎಳೀತಾ ಇಲ್ಲ, ಇದಕ್ಕಿಂತ ದೊಡ್ಡದು ಕೂಡ್ರಿಸಿಕೊಡಿ.’ ಅರ್ಧ ಎಚ್‌ಪಿ ಇದ್ದವರಿಗೆ ಒಂದು ಬೇಕು, ಒಂದು ಇದ್ದವರಿಗೆ ಎರಡು. ದೊಡ್ಡ ಪಂಪು ಮಾರಿದರೆ ನನ್ನ ಗಲ್ಲಾಕ್ಕೆ ಒಳ್ಳೆಯದು. ಆದರೂ ಸಮುದ್ರದ ಅಂಚಿಗೆ, ಹೊಳೆಬಾಯಿಗೆ ಮನೆಯಿರುವವರಿಗೆ ನಾನು ಹೇಳುವುದು ಇಷ್ಟೆ: ಪಂಪನ್ನು ಸಣ್ಣದು ಮಾಡಿ, ಉಳಿದ ಹಣದಲ್ಲಿ ಟಾಕಿಯನ್ನು ದೊಡ್ಡದು ಮಾಡಿ. ಇಷ್ಟು ವರ್ಷ ಮನೆಯವರಿಗೆ ಹೇಳುತ್ತ ಬಂದದ್ದನ್ನು ಈಗ ಪಂಚಾಯತಿಗಳಿಗೂ ಅಂದಾಜುಪಟ್ಟಿ ಬರೆಯುವ ಎಂಜಿನಿಯರರಿಗೂ ಹೇಳಬೇಕಾಗಿದೆ.

ಬಯಲುಸೀಮೆಯಲ್ಲಿ ನೀರು ನೂರಾರು ಅಡಿ ಕೆಳಗಿದೆ. ಅಲ್ಲಿ ಬಲವಾದ ಪಂಪು ಬೇಕೇ ಬೇಕು. ಆ ಲೆಕ್ಕವನ್ನು ಘಟ್ಟ ಇಳಿಸಿ ತಂದರೆ ಇಲ್ಲಿ ಹೊಂದುವುದಿಲ್ಲ. ನಮ್ಮದು ಚಿರೆಕಲ್ಲಿನ ತೆರೆದ ಬಾವಿ. ಹೊಯ್ಗೆ ನೆಲವಾದರೆ ಇನ್ನೂ ಆಳ ಕಡಿಮೆಯ ಬಾವಿ. ಆಷಾಢದಲ್ಲಿ ಬಗ್ಗಿ ತಂಬಿಗೆ ಅದ್ದುವಷ್ಟು ಮೇಲೆ ನೀರಿರುತ್ತದೆ. ಇಲ್ಲಿನ ಕಷ್ಟ ಆಳದ್ದಲ್ಲ, ಉಪ್ಪಿನದು.

ಕರಾವಳಿಯ ನೆಲದೊಳಗೆ ಮಳೆಯ ಸಿಹಿನೀರು ಸಮುದ್ರದ ಉಪ್ಪುನೀರಿನ ಮೇಲೆ ತೇಲುತ್ತ ನಿಂತಿರುತ್ತದೆ. ಉಪ್ಪುನೀರು ಸ್ವಲ್ಪ ಭಾರ, ಸಿಹಿನೀರು ಸ್ವಲ್ಪ ಹಗುರ, ಅಷ್ಟರ ಮೇಲೆಯೇ ನಮ್ಮ ಬಾವಿಗಳೆಲ್ಲ ಬದುಕಿವೆ. ಮಗಳು ಧಾರವಾಡದಲ್ಲಿ ಭೂವಿಜ್ಞಾನ ಓದುವಾಗ ಇದರ ಲೆಕ್ಕವನ್ನು ಮನೆಗೆ ತಂದಳು. ನೆದರ್ಲೆಂಡ್ಸಿನ ಬಾಡನ್ ಘೈಬನ್ 1888ರಲ್ಲಿ, ಜರ್ಮನಿಯ ಹರ್ಜ್‌ಬರ್ಗ್ 1901ರಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡದ್ದು: ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ. ಕೇಳಲು ಸಂತೋಷದ ಸುದ್ದಿ. ಆದರೆ ಅದನ್ನು ತಿರುಗಿಸಿ ಓದಬೇಕು. ಮೇಲಿನ ಮಟ್ಟವನ್ನು ಒಂದು ಅಡಿ ಇಳಿಸಿ ಹಾಗೆಯೇ ಇಟ್ಟರೆ ಕೆಳಗಿನ ಉಪ್ಪು ದಿನ ಕಳೆದಂತೆ 40 ಅಡಿ ಮೇಲೇರಲು ದಾರಿಯಾಗುತ್ತದೆ. ಬಾವಿಯ ಅಡಿಯಲ್ಲಿ ಬಲವಾಗಿ ಎಳೆದರೆ ಉಪ್ಪುನೀರು ಅಲ್ಲೇ ಗೋಪುರದ ಹಾಗೆ ಎದ್ದು ಬರುತ್ತದೆ; ಪಂಪು ನಿಲ್ಲಿಸಿದ ತಕ್ಷಣ ಅದು ಇಳಿಯುವುದಿಲ್ಲ. ಗಂಜಿಯ ತಿಳಿಯನ್ನು ಸೌಟಿನಲ್ಲಿ ಮೆಲ್ಲಗೆ ಎತ್ತಿದರೆ ತಿಳಿಯೇ ಸಿಗುತ್ತದೆ, ಸೌಟು ತಳಕ್ಕೆ ಹಾಕಿ ಕಲಕಿದರೆ ಅಗುಳೂ ಬರುತ್ತದೆ ಎಂದು ಗಿರಾಕಿಗಳಿಗೆ ನಾನು ಹೇಳುವುದುಂಟು. ರಾಟೆಗೆ ಹಗ್ಗ ಹಾಕಿ ಕೊಡಪಾನ ಇಳಿಸಿ ಸೇದುತ್ತಿದ್ದ ಕಾಲದಲ್ಲಿ ಎಷ್ಟೋ ಹೊಳೆದಡದ ಬಾವಿಗಳು ಮೇ ತಿಂಗಳಲ್ಲೂ ಸಿಹಿಯಾಗಿದ್ದವು. ಹೆಂಗಸರ ರಟ್ಟೆಗೆ ಗಂಟೆಗೆ ಸಾವಿರಾರು ಲೀಟರ್ ಎಳೆಯುವ ಬಲವಿರಲಿಲ್ಲ ಎಂಬುದೇ ಕಾರಣ. ಆ ದುಡಿತ ಮರಳಿ ಬರಲಿ ಎಂದು ನಾನು ಖಂಡಿತ ಹೇಳುವುದಿಲ್ಲ. ನನ್ನ ತಾಯಿಯ ಭುಜದ ನೋವನ್ನು ನೋಡಿಯೇ ನಾನು ಈ ಕಸುಬಿಗೆ ಬಂದವನು. ಪಂಪು ಬೇಕು. ಕೊಡಪಾನದ ನಿಧಾನವನ್ನು ಕಲಿತ ಪಂಪು ಬೇಕು.

ಲೆಕ್ಕ ಹಾಕಿ ನೋಡೋಣ. ಆರು ಅಡಿ ಅಗಲದ ಬಾವಿಯಲ್ಲಿ ಒಂದು ಅಡಿ ನೀರೆಂದರೆ ಸುಮಾರು 800 ಲೀಟರ್. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ್ ಮಿಷನ್, ನಮ್ಮ ರಾಜ್ಯದ ಹೆಸರಿನಲ್ಲಿ ‘ಮನೆ ಮನೆಗೆ ಗಂಗೆ’, ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದೆ. ಐದು ಜನರ ಮನೆಗೆ 275 ಲೀಟರ್ ಆಯಿತು. ದನಕ್ಕೆ, ಬಟ್ಟೆಗೆ, ಬಂದ ನೆಂಟರಿಗೆ ಎಂದು ಇನ್ನಷ್ಟು ಸೇರಿಸಿ 400 ಎನ್ನಿ. ಬಾವಿಯ ಅರ್ಧ ಅಡಿ ನೀರು. ಅರ್ಧ ಎಚ್‌ಪಿ ಪಂಪು ಇಷ್ಟನ್ನು ಅರ್ಧ ಗಂಟೆಯೊಳಗೆ ಮೇಲೆತ್ತುತ್ತದೆ. ಅದೇ 2 ಎಚ್‌ಪಿ ಪಂಪಾದರೆ ಗಂಟೆಗೆ ಕಡಿಮೆ ಎಂದರೂ ಆರೇಳು ಸಾವಿರ ಲೀಟರ್ ಎಳೆಯುತ್ತದೆ. ಏಪ್ರಿಲ್‌ನಲ್ಲಿ ನಾಲ್ಕು ಅಡಿ ನೀರಿರುವ ಬಾವಿ ಅದರೆದುರು ಅರ್ಧ ಗಂಟೆಯೂ ತಡೆಯುವುದಿಲ್ಲ. ಬಾವಿ ಬರಿದಾಗುತ್ತದೆ, ಪಂಪು ಗಾಳಿ ಎಳೆಯುತ್ತದೆ, ಸೀಲು ಕಾದು ಹೋಗುತ್ತದೆ. ಮರುದಿನ ಬಾವಿಗೆ ಒರತೆಯಾಗಿ ಬಂದ ನೀರು ಸವಳು. ಮನೆಯವರು ಪಂಪನ್ನು ಬೈಯುತ್ತಾರೆ, ಬೇಸಿಗೆಯನ್ನು ಬೈಯುತ್ತಾರೆ.

ಆದ್ದರಿಂದ 2,000 ಲೀಟರಿನ ಟಾಕಿ ಇಡಿ ಎನ್ನುವುದು ನನ್ನ ಹಟ. ಬೆಳಿಗ್ಗೆ ಇಪ್ಪತ್ತು ನಿಮಿಷ, ಮಧ್ಯಾಹ್ನ ಇಪ್ಪತ್ತು ನಿಮಿಷ ಪಂಪು ನಡೆಸಿ, ನಡುವೆ ಬಾವಿಗೆ ಉಸಿರಾಡಲು ಬಿಟ್ಟರೆ ಟಾಕಿ ನಾಲ್ಕೈದು ದಿನದ ನೀರನ್ನು ಕೂಡಿಡುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದ ದಿನಗಳಲ್ಲಿ ಕಾಳಿ, ಗಂಗಾವಳಿ ಹೊಳೆಗಳ ಉಪ್ಪುನೀರು ಬೇಸಿಗೆಯಲ್ಲಿ ಒಳಕ್ಕೆ ಬಹಳ ದೂರ ಏರುತ್ತದೆ. ದಡದವರು ಆ ಎರಡು ಮೂರು ದಿನ ಬಾವಿಯನ್ನು ಮುಟ್ಟದೆ ಟಾಕಿಯ ನೀರಿನಲ್ಲೇ ಕಳೆಯಬಹುದು. ಸಣ್ಣ ಟಾಕಿಯವರಿಗೆ ಈ ಆಯ್ಕೆಯೇ ಇಲ್ಲ.

ಕರೆಂಟಿನ ವಿಷಯದಲ್ಲೂ ಟಾಕಿಯೇ ಕಾಯುತ್ತದೆ. ಬೇಸಿಗೆಯ ಸಂಜೆ ಏಳರ ಹೊತ್ತಿಗೆ ಲೈನಿನ ಕೊನೆಯ ಮನೆಗಳಲ್ಲಿ ನನ್ನ ಮೀಟರು 170 ವೋಲ್ಟ್ ತೋರಿಸಿದ್ದಿದೆ. ವೋಲ್ಟೇಜ್ ಇಳಿದಾಗ ಮೋಟರು ಅದೇ ಕೆಲಸಕ್ಕೆ ಹೆಚ್ಚು ಆಂಪಿಯರ್ ಎಳೆದು ಒಳಗೇ ಕಾದು ಸುಡುತ್ತದೆ. ನನ್ನಲ್ಲಿಗೆ ಬರುವ ಮೋಟರುಗಳಲ್ಲಿ ಹೆಚ್ಚಿನವು ಸಂಜೆಯೇ ಸತ್ತವು. ಟಾಕಿ ದೊಡ್ಡದಿದ್ದರೆ ಸಂಜೆ ಪಂಪು ಹಾಕುವ ಪ್ರಮೇಯವೇ ಬರುವುದಿಲ್ಲ. ಸಾವಿರ ಲೀಟರನ್ನು 50 ಅಡಿ ಎತ್ತಲು ಸಣ್ಣ ಪಂಪಿಗೆ ಅರ್ಧ ಯೂನಿಟ್ ಸಾಕು. ಬಿಲ್ಲಿನ ಭಯವೂ ಬೇಡ.

ಪಂಪನ್ನು ಎಲ್ಲಿಡಬೇಕು ಎಂಬುದು ಎಷ್ಟು ಎಚ್‌ಪಿ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ‘ಎಳೀತಾ ಇಲ್ಲ’ ಎಂದು ಬರುವ ದೂರುಗಳ ಬೇರು ಅಲ್ಲೇ ಇರುತ್ತದೆ. ಪಂಪು ನೀರನ್ನು ತನ್ನ ಬಲವಿದ್ದಷ್ಟು ಮೇಲಕ್ಕೆ ದೂಡೀತು, ಆದರೆ ಕೆಳಗಿನಿಂದ ಎಳೆದುಕೊಳ್ಳುವುದು ಗಾಳಿಯ ಒತ್ತಡದ ಬಲದಿಂದ. ಪುಸ್ತಕದ ಪ್ರಕಾರ ಆ ಮಿತಿ 10 ಮೀಟರ್ ಚಿಲ್ಲರೆ. ಕೆಲಸದಲ್ಲಿ 22 ಅಡಿ ದಾಟಿದರೆ ನಂಬಬೇಡಿ. ಜಗಲಿಯ ಮೇಲಿಟ್ಟ ಪಂಪು ಮಳೆಗಾಲದಲ್ಲಿ ಸೊಗಸಾಗಿ ನಡೆದು ಮೇ ತಿಂಗಳಲ್ಲಿ ಕೈಕೊಡುವುದು ಇದರಿಂದ. ಅದಕ್ಕೆ 2 ಎಚ್‌ಪಿ ಅಲ್ಲ, ಹತ್ತು ಎಚ್‌ಪಿ ತಂದಿಟ್ಟರೂ ಅದೇ ಕಥೆ. ಬಾವಿಯೊಳಗೆ ಮುಳುಗಿ ನಡೆಯುವ ಸಣ್ಣ ಓಪನ್‌ವೆಲ್ ಪಂಪು ನಮ್ಮ ಬದಿಗೆ ಸರಿ. ಅದನ್ನು ತಳಕ್ಕೆ ಕೂಡ್ರಿಸದೆ, ಎರಡು ಅಡಿ ಮೇಲೆ ನೈಲಾನ್ ಹಗ್ಗಕ್ಕೆ ತೂಗಿಹಾಕಿ. ಕಬ್ಬಿಣದ ಸರಪಳಿಯನ್ನು ಉಪ್ಪುಗಾಳಿ ತಿನ್ನುತ್ತದೆ. ನೀರು ಇಳಿದಾಗ ತಾನೇ ನಿಲ್ಲುವ ಫ್ಲೋಟ್ ಸ್ವಿಚ್ ಹಾಕಿ. ಆಗ ಬಾವಿಯ ಕೊನೆಯ ಎರಡು ಅಡಿಯನ್ನು ಯಾರೂ ಎಳೆಯಲಾರರು. ಅರ್ಥಿಂಗ್ ಸರಿಯಾಗಿರಲಿ, ಶಾಕಿನಿಂದ ಕಾಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕಡ್ಡಾಯವಾಗಿರಲಿ. ಕರೆಂಟು ಹೋದಾಗ ಅದೇ ಬಾವಿಗೆ ಒದ್ದೆಗಾಲಲ್ಲಿ ನಿಂತು ಕೊಡಪಾನ ಬಿಡುವವರು ಮನೆಯ ಹೆಂಗಸರು, ಕರೆಂಟು ಯಾವ ಗಳಿಗೆಯಲ್ಲಾದರೂ ಮರಳಬಹುದು.

ಟಾಕಿಯ ಕಟ್ಟೆಗೆ ಹಣ ಉಳಿಸಬೇಡಿ. 2,000 ಲೀಟರ್ ನೀರು ಎರಡು ಟನ್ ಭಾರ. ಹಂಚಿನ ಮಾಡಿನ ಗೋಡೆ ಅದನ್ನು ಹೊರಲಾರದು. ನೆಲದಿಂದ ಎಂಟು ಹತ್ತು ಅಡಿ ಎತ್ತರದ ಚಿರೆಕಲ್ಲಿನ ಕಟ್ಟೆ ಸಾಕು, ಮೂರು ಅಂತಸ್ತಿನ ಕಂಬ ಬೇಡ. ಮಳೆಗಾಲದ ಮೊದಲು ಟಾಕಿಯನ್ನು ಬರಿದು ಬಿಡಬೇಡಿ; 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬೀಸಿದಾಗ ಖಾಲಿ ಟಾಕಿಗಳು ತೆಂಗಿನತೋಟ ಸೇರಿದ್ದವು. ಮುಚ್ಚಳ ಬಿಗಿಯಾಗಿರಲಿ, ಓವರ್‌ಫ್ಲೋ ಬಾಯಿಗೆ ಬಲೆ ಕಟ್ಟಿ. ಡೆಂಗಿಯ ಸೊಳ್ಳೆ ತಿಳಿನೀರಲ್ಲೇ ಮೊಟ್ಟೆಯಿಟ್ಟು ಒಂದೆರಡು ವಾರದೊಳಗೆ ಹಾರುತ್ತದೆ.

ಇನ್ನು ನಲ್ಲಿಯ ಮಾತು. ಗಂಗಾವಳಿಯ ನೀರು ಕೊಳವೆಯಲ್ಲಿ ಕಾರವಾರ, ಅಂಕೋಲಾ ಪಟ್ಟಣಗಳಿಗೆ ಹೋಗುತ್ತದೆ; ಅದೇ ಹೊಳೆಯ ಬಾಯಲ್ಲಿರುವ ಹಳ್ಳಿಯವರು ಬೇಸಿಗೆಯಲ್ಲಿ ಟ್ಯಾಂಕರ್ ಕಾಯುತ್ತಾರೆ. ಅವರ ಮನೆಗೂ ನಲ್ಲಿ ಬರಬೇಕು, ಅದು ಅವರ ಹಕ್ಕು. ಆದರೆ ನಲ್ಲಿ ಬಂದ ಕಡೆ ಏನಾಗುತ್ತಿದೆ ನೋಡಿ. ನೀರು ಬಿಡುವ ಒಂದು ಗಂಟೆಯಲ್ಲಿ ಏರುಭಾಗದ ಮನೆಯವರು ಕೊಳವೆಗೇ ಮೋಟರು ಹಚ್ಚಿ ಎಳೆಯುತ್ತಾರೆ. ಕೊನೆಯ ಮನೆಗಳ ನಲ್ಲಿಯಲ್ಲಿ ಗಾಳಿ ಮಾತ್ರ ಬರುತ್ತದೆ. ಕೊಳವೆಯೊಳಗಿನ ಒತ್ತಡ ಬಿದ್ದಾಗ, ಒಡೆದ ಜೋಡಣೆಗಳಿಂದ ಚರಂಡಿಯ ನೀರು ಒಳಸೇರುತ್ತದೆ. ಕೊಳವೆಗೆ ಮೋಟರು ಹಚ್ಚುವುದು ಕಳ್ಳತನವೆಂದೇ ನನ್ನ ಅಭಿಪ್ರಾಯ. ಹೀಗೆ ಹಚ್ಚಿಕೊಡಿ ಎಂದು ಕೇಳಿಬಂದವರಿಗೆ ನಾನು ಹಚ್ಚಿಕೊಟ್ಟಿಲ್ಲ. ಅದರ ಬದಲು ನಲ್ಲಿಯ ಕೆಳಗೆ ನೆಲಮಟ್ಟದ ಟಾಕಿ ಇಟ್ಟರೆ ನೀರು ಬಂದಷ್ಟು ತಾನೇ ತುಂಬುತ್ತದೆ. ಅಲ್ಲಿಂದ ಸಣ್ಣ ಪಂಪು ಮೇಲೆತ್ತಲಿ. ಯಾರ ಪಾಲೂ ಕದಿಯಬೇಕಾಗಿಲ್ಲ.

ನಲ್ಲಿ ಬಂತೆಂದು ಬಾವಿಗೆ ಕಸ ತುಂಬುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟೆಯ ನೀರು ಬಿಟ್ಟು ಕಾಳಿದಡದ ಊರುಗಳು ಮುಳುಗಿದವು, ಇತ್ತ ಗಂಗಾವಳಿಯೂ ಉಕ್ಕಿತು. ಇಂಥ ನೆರೆಯಲ್ಲಿ ದೂರದಿಂದ ಬರುವ ಕೊಳವೆ ಒಂದು ಕಡೆ ಮುರಿದರೆ ಹತ್ತು ಊರಿಗೆ ನೀರಿಲ್ಲ. ಬಾವಿಯಾದರೆ ನೆರೆ ಇಳಿದ ಮೇಲೆ ಕೆಸರು ತೆಗೆದು, ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಒಳ್ಳೆಯ ಬ್ಲೀಚಿಂಗ್ ಪುಡಿ ಕಲಸಿ ಬಿಟ್ಟರೆ ಮತ್ತೆ ಬಳಕೆಗೆ ಬರುತ್ತದೆ. ಆರು ಅಡಿ ಅಗಲದ ಬಾವಿಯಲ್ಲಿ ಹತ್ತು ಅಡಿ ನೀರಿಗೆ 20 ಗ್ರಾಂ. ಮಾಡಿನ ನೀರನ್ನೂ ಮರಳು, ಜಲ್ಲಿಯಲ್ಲಿ ಸೋಸಿ ಬಾವಿಗೇ ತಿರುಗಿಸಬಹುದು. ನಮ್ಮಲ್ಲಿ ಬೀಳುವುದು ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿದ ಮಳೆ. ಸಾವಿರ ಚದರಡಿಯ ಮಾಡಿನ ಮೇಲೆ ಅದು ಸುಮಾರು 2.8 ಲಕ್ಷ ಲೀಟರ್ ಆಗುತ್ತದೆ. ಉಪ್ಪನ್ನು ಕೆಳಗೆ ಒತ್ತಿ ಹಿಡಿಯುವುದು ಈ ನೀರೇ.

ತೆಂಗಿಗೆ ನೀರು ಬಿಡಲು ದೊಡ್ಡ ಪಂಪು ಬೇಡವೇ ಎಂದು ಕೇಳುತ್ತಾರೆ. ಬೇಕಾದರೆ ಹಿತ್ತಲ ತುದಿಯಲ್ಲಿ ಬೇರೆ ಹೊಂಡ ತೆಗೆಯಿರಿ, ಅದಕ್ಕಿಡಿ. ತೆಂಗು ಸ್ವಲ್ಪ ಸವಳನ್ನು ತಡೆದುಕೊಳ್ಳುತ್ತದೆ. ಕುಡಿಯುವ ಬಾವಿಯಿಂದ ತೋಟಕ್ಕೆ ಬಿಡುವುದು ನಿಮ್ಮ ಬಾವಿಯನ್ನಷ್ಟೇ ಅಲ್ಲ, ಬೇಲಿಯಾಚೆಯ ಮನೆಯ ಬಾವಿಯನ್ನೂ ಕೆಡಿಸುತ್ತದೆ. ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಒಡ್ಡು ಒಡೆದು ಅದು ನುಗ್ಗಿದ ಗಜನಿ ಗದ್ದೆಯ ಪಕ್ಕದವರಿಗೆ, ಸಿಗಡಿ ಹೊಂಡದ ಅಂಚಿನವರಿಗೆ ಇದನ್ನು ನಾನು ವಿವರಿಸಿ ಹೇಳಬೇಕಾಗಿಲ್ಲ.

ಪಂಚಾಯತಿಗಳು ಮಾಡಬಹುದಾದದ್ದು ಹೆಚ್ಚು ಖರ್ಚಿನ ಕೆಲಸವೂ ಅಲ್ಲ. ಜಲಜೀವನ್ ಮಿಷನ್ ಅವಧಿಯನ್ನು 2028ರವರೆಗೆ ವಿಸ್ತರಿಸಿದ್ದಾರೆ, ಇನ್ನೂ ಸಮಯವಿದೆ. ಹೊಳೆಬಾಯಿ, ಕಡಲಂಚಿನ ವಾರ್ಡುಗಳ ಬಡಮನೆಗಳಿಗೆ ನಲ್ಲಿಯ ಜೊತೆ ಒಂದು ಟಾಕಿಯನ್ನೂ ಕೊಡುವ ಬಾಬ್ತು ಅಂದಾಜುಪಟ್ಟಿಯಲ್ಲಿ ಸೇರಲಿ. ಊರಿಗೆ ಐವರು ಹೆಂಗಸರಿಗೆ ನೀರು ಪರೀಕ್ಷೆ ಕಲಿಸಿ ಕಿಟ್ ಕೊಡುವುದು ಈ ಯೋಜನೆಯಲ್ಲೇ ಇದೆ. ಆ ಪರೀಕ್ಷೆ ಮಳೆಗಾಲದಲ್ಲಿ ಒಮ್ಮೆ ಮುಗಿದುಹೋಗಬಾರದು. ಏಪ್ರಿಲ್, ಮೇ ತಿಂಗಳ ಹುಣ್ಣಿಮೆ, ಅಮಾವಾಸ್ಯೆಯ ಭರತದ ದಿನ ಪ್ರತಿ ಬಾವಿಯ ಕ್ಲೋರೈಡ್ ಅಳೆಯಲಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಅದರ ಮಿತಿ ಲೀಟರಿಗೆ 250 ಮಿಲಿಗ್ರಾಂ. ಬೇರೆ ನೀರೇ ಇಲ್ಲದ ಕಡೆ 1,000. ಬಂದ ಅಂಕಿಯನ್ನು ಮನೆ ಸಂಖ್ಯೆಯ ಎದುರು ಬರೆದು ಪಂಚಾಯತಿ ಗೋಡೆಗೆ ಹಚ್ಚಿ. ಮೂರು ಬೇಸಿಗೆಯ ಪಟ್ಟಿ ಕೈಯಲ್ಲಿದ್ದರೆ ಯಾವ ಕೇರಿಯಲ್ಲಿ ಉಪ್ಪು ಏರುತ್ತಿದೆ, ಎಲ್ಲಿ ಒಡ್ಡು ಕಟ್ಟಬೇಕು, ಎಲ್ಲಿ 2 ಎಚ್‌ಪಿ ಪಂಪಿಗೆ ಒಪ್ಪಿಗೆ ಕೊಡಬಾರದು ಎಂದು ಗ್ರಾಮಸಭೆಯೇ ತೀರ್ಮಾನಿಸಬಹುದು. ಪಂಪಿನ ಬಗ್ಗೆ ಕೇಳುವುದಿದ್ದರೆ ಆ ಸಭೆಗೆ ನಾನೂ ಬರುತ್ತೇನೆ, ಈ ಕಸುಬಿನ ಬೇರೆಯವರನ್ನೂ ಕರೆತರುತ್ತೇನೆ.